ನೀರು ದಾಟಿದ ಮೇಲಿನ ಮೊದಲ ಬಂಡೆ

ನಮ್ಮ ಮನೆಯಲ್ಲಿ ಒಡವೆಯ ಮಾತು ಬಂತೆಂದರೆ ಎಲ್ಲರೂ ದನಿ ತಗ್ಗಿಸುತ್ತಿದ್ದರು, ಚಿಕ್ಕತಾತ ಒಬ್ಬನನ್ನು ಬಿಟ್ಟು. ಅವನು ನಮ್ಮ ಅಜ್ಜಿಗೆ ಮೈದುನ. ತಾತ ತೀರಿಕೊಂಡ ಮೇಲೆ ಮನೆಗೆ ಅವನೇ ಯಜಮಾನ. ಒಂಟಿಕೊಪ್ಪಲಿನ ಮನೆಯ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತ, ಬಂದವರು ಯಾರೇ ಆಗಿರಲಿ, “ನಮ್ಮವ್ವನ ಒಡವೆ ಎಲ್ಲಿಗೋಯ್ತು ಅನ್ನೋದು ಬೆಟ್ಟದ ಮೇಲಿರೋ ಆ ತಾಯಿಗೆ ಗೊತ್ತು, ಈ ಮನೇಲಿ ಇನ್ನೊಬ್ಬರಿಗೂ ಗೊತ್ತು” ಎನ್ನುತ್ತಿದ್ದ. ಆ ಇನ್ನೊಬ್ಬರು ಎಂದರೆ ಒಳಗೆ ನಡುಮನೆಯಲ್ಲಿ ಮೊರ ಹಿಡಿದು ಕೂತಿರುತ್ತಿದ್ದ ನಮ್ಮಜ್ಜಿ. ಮೊರದ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಗುತ್ತಿತ್ತು. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಕಳ್ಳಿ ಎಂದು ಅವನು ಬಾಯಿಬಿಟ್ಟು ಹೇಳಿದ್ದರೆ ಎದುರು ನಿಂತು ಜಗಳವಾಡಬಹುದಿತ್ತು. ಆ ಮುದುಕ ಅಷ್ಟಕ್ಕೂ ಅವಕಾಶ ಕೊಡುತ್ತಿರಲಿಲ್ಲ.

ನಡೆದದ್ದು ಪ್ಲೇಗಿನ ಕಾಲದಲ್ಲಿ, ಅಜ್ಜಿ ಹೊಸ ಸೊಸೆಯಾಗಿ ಬಂದಾಗ. ಆಗ ನಮ್ಮವರು ಕೋಟೆಯ ಹತ್ತಿರ ಇಕ್ಕಟ್ಟಾದ ಕೇರಿಯೊಂದರಲ್ಲಿದ್ದರು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಬಾಗಿಲಿಗೆ ಬೀಗ ಜಡಿದು ಊರಾಚೆ ಗುಡಿಸಲು ಹಾಕಿಕೊಳ್ಳುವುದು ಆಗಿನ ಪದ್ಧತಿ. ನಮ್ಮವರು ಹೋದದ್ದು ತಮ್ಮ ಗದ್ದೆಗೆ ನೀರು ಕೊಡುತ್ತಿದ್ದ ಕೆರೆಯ ದಡಕ್ಕೆ. ಅಲ್ಲೊಂದು ಅರಳಿಕಟ್ಟೆ, ಅದರ ಪಕ್ಕ ಗುಡಿಸಲು, ಎದುರಿಗೆ ಕೆರೆಯ ನಡುವೆ ಒಂದು ದಿಬ್ಬ. ಆ ದಿಬ್ಬದ ಮೇಲೆ ಮಾರಮ್ಮನ ಕಲ್ಲು, ಮುಳ್ಳುಪೊದೆ, ಹಾವಿನ ಭಯ. ಜನ ಆ ಕಡೆ ಸುಳಿಯುತ್ತಿರಲಿಲ್ಲ. ಗುಡಿಸಲಿನಲ್ಲೇ ಅಜ್ಜಿಯ ಅತ್ತೆಗೆ ಪ್ಲೇಗಿನ ಗಡ್ಡೆ ಎದ್ದಿತು. ಕಳ್ಳರು ಗುಡಿಸಲು ಗುಡಿಸಲಿಗೂ ನುಗ್ಗುತ್ತಿದ್ದ ದಿನಗಳು. ಅತ್ತೆ ಮೈಮೇಲಿದ್ದುದನ್ನೆಲ್ಲ ಬಿಚ್ಚಿ ತಾಮ್ರದ ತಂಬಿಗೆಗೆ ಹಾಕಿ, ಬಾಯಿಗೆ ಬಟ್ಟೆ ಬಿಗಿದು ಅರಗು ಬಳಿಸಿ, ದಿಬ್ಬದ ಮೇಲೆ ಹೂತು ಬಾ ಎಂದು ಸೊಸೆಯ ಕೈಗೆ ಕೊಟ್ಟಳಂತೆ. ಬಿರುಬೇಸಿಗೆ. ಅಜ್ಜಿ ಸೀರೆ ಎತ್ತಿಕಟ್ಟಿ ಮೊಣಕಾಲುದ್ದದ ನೀರಿನಲ್ಲಿ ನಡೆದುಹೋಗಿ ಹೂತು ಬಂದಳು. ಅತ್ತೆ ತೀರಿಕೊಂಡಳು. ಬೆನ್ನಿಗೇ ಅಜ್ಜಿಗೂ ಜ್ವರ ಹಿಡಿದು ಮೈಮೇಲೆ ಎಚ್ಚರವಿಲ್ಲದೆ ಮಲಗಿದಳು. ಎದ್ದು ಕೂರುವ ಹೊತ್ತಿಗೆ ಮಳೆಗಾಲ ಬಂದು ಕೆರೆ ತುಂಬಿ ನಿಂತಿತ್ತು.

“ನೀರು ದಾಟಿ ಮೇಲಕ್ಕತ್ತುತ್ಲೂ ಮೊದ್ಲು ಸಿಕ್ಕೋ ಬಂಡೆ. ಅದ್ರ ಬುಡದಲ್ಲಿ ಮಡಗಿವ್ನಿ” ಎಂದು ಅಜ್ಜಿ ಹಾಸಿಗೆಯಿಂದಲೇ ಹೇಳಿದಳು. ಗಂಡಸರು ಹರಿಗೋಲಿನಲ್ಲಿ ಹೋಗಿ, ಮೊದಲು ಸಿಕ್ಕ ಬಂಡೆಯ ಸುತ್ತಲೂ ಅಗೆದರು. ಆಗ ತಾನೇ ಮೀಸೆ ಚಿಗುರುತ್ತಿದ್ದ ಚಿಕ್ಕತಾತನೂ ಅಗೆದವರಲ್ಲಿ ಒಬ್ಬ. ಒಂದು ಗುಂಡುಸೂಜಿಯೂ ಸಿಗಲಿಲ್ಲ. ಹೂತವಳನ್ನೇ ಕರೆದುಕೊಂಡು ಹೋಗೋಣ ಎಂದು ಯಾರಿಗೂ ಹೊಳೆಯಲಿಲ್ಲ. ಹೆಂಗಸರನ್ನು ಹರಿಗೋಲಿಗೆ ಹತ್ತಿಸುವ ಪದ್ಧತಿ ನಮ್ಮವರಲ್ಲಿ ಇರಲಿಲ್ಲ. ಕೊನೆಗೆ ಎಲ್ಲರ ಕಣ್ಣೂ ಅಜ್ಜಿಯ ಅಣ್ಣನ ಮೇಲೆ ಹೋಯಿತು. ತಂಗಿಗೆ ಜ್ವರ ಎಂದು ನೋಡಲು ಬಂದು ಹೋಗಿದ್ದವನು ಅವನೊಬ್ಬನೇ. ತವರಿಗೆ ಸಾಗಿಸಿದಳು ಎಂದು ಮಾತಾಯಿತು. ಮುಂದೆ ಕೆರೆ ಇಳಿದಾಗಲೂ ಅವಳನ್ನು ಆ ಕಡೆ ಹೋಗಲು ಬಿಡಲಿಲ್ಲ. ಆ ಅಣ್ಣ ಮತ್ತೆ ನಮ್ಮ ಹೊಸಿಲು ತುಳಿಯಲಿಲ್ಲ.

ಚಿಕ್ಕತಾತ ಒಳ್ಳೆಯ ಮನಸ್ಸಿನಲ್ಲಿದ್ದಾಗ ಇನ್ನೊಂದು ದಾರಿಯನ್ನೂ ತೋರಿಸುತ್ತಿದ್ದ. “ಕದ್ದಳು ಅಂತ ನಾನೆಲ್ಲಂದೆ? ಜ್ವರದಲ್ಲಿ ಕನಸು ಕಂಡಿರಬೌದು ಕಣ್ರೋ. ಅಂಗಂತ ಒಪ್ಕೊಂಡ್ಬುಟ್ರೆ ಮುಗೀತಲ್ಲ!” ಅಜ್ಜಿ ಇದನ್ನೂ ಒಪ್ಪಲಿಲ್ಲ, ಅದನ್ನೂ ಒಪ್ಪಲಿಲ್ಲ. ಯಾರು ಯಾವಾಗ ಕೇಳಿದರೂ ಅವಳದು ಒಂದೇ ಮಾತು: ನೀರು ದಾಟಿದ ಮೇಲಿನ ಮೊದಲ ಬಂಡೆ.

ನಾನು ಕಾಲೇಜಿನಲ್ಲಿ ಗಣಿತ ಓದುತ್ತಿದ್ದ ವರ್ಷಗಳವು. ಸ್ವಾತಂತ್ರ್ಯ ಬಂದು ಹತ್ತು ವರ್ಷ ಕಳೆದಿತ್ತು. ನಮ್ಮ ಅಣ್ಣ ಓವರ್‌ಸಿಯರ್ ಪರೀಕ್ಷೆ ಪಾಸು ಮಾಡಿ, ಯಾದವಗಿರಿಯ ಕಡೆ ಸೈಟು ಕೊಂಡವರಿಗೆ ಅಳತೆ ಮಾಡಿಕೊಡುತ್ತಿದ್ದ. ಅವನ ಹತ್ತಿರ ಹಳೆಯದೊಂದು ಡಂಪಿ ಲೆವೆಲ್ ಇತ್ತು. ಮೂರು ಕಾಲಿನ ಮೇಲೆ ಕೂರಿಸಿ, ದುರ್ಬೀನಿನಲ್ಲಿ ಕಣ್ಣಿಟ್ಟು, ನೆಲದ ಏರುತಗ್ಗು ನೋಡುವ ಉಪಕರಣ. ಅದನ್ನು ಅವನು ಹೊಸ ಹೆಂಡತಿಗಿಂತ ಹೆಚ್ಚಾಗಿ ಒರೆಸುತ್ತಾನೆ ಎಂದು ನಾನೂ ಅತ್ತಿಗೆಯೂ ನಗುತ್ತಿದ್ದೆವು.

ಒಂದು ಬೇಸಿಗೆಯಲ್ಲಿ ನೆಂಟರ ಮದುವೆ ಮುಗಿಸಿಕೊಂಡು ಅಜ್ಜಿ, ಅಣ್ಣ, ನಾನು ಜಟಕಾದಲ್ಲಿ ಬರುತ್ತಿದ್ದೆವು. ಗಾಡಿ ಆ ಕೆರೆಯ ಏರಿಯ ಮೇಲೆ ಬಂತು. ಅಜ್ಜಿ ಆ ಕಡೆ ಬಂದು ಎಷ್ಟೋ ಕಾಲವಾಗಿತ್ತು. ಗಾಡಿ ನಿಲ್ಲಿಸಲು ಹೇಳಿ, ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡಿದಳು.

“ಇದು ಆ ದಿಬ್ಬ ಅಲ್ಲ ಕಣ್ ಮಗ” ಎಂದಳು ನನಗೆ. “ಅದು ಇನ್ನೂ ದೊಡ್ಡದಿತ್ತು. ಇದು ಕುಗ್ಗೋಗ್ಬುಟ್ಟದೆ.”

ಅಣ್ಣ ಗೊಳ್ಳೆಂದು ನಕ್ಕ. “ಒಗೆದ್ರೆ ಕುಗ್ಗೋಕೆ ದಿಬ್ಬ ಏನು ಚೀಟಿ ಸೀರೆಯಾ ಅಜ್ಜಿ?”

ನನಗೆ ನಗು ಬರಲಿಲ್ಲ. ಏರಿಯ ಕೆಳಗೆ ನೋಡಿದೆ. ನಮ್ಮ ಗದ್ದೆಗಳಿದ್ದ ಜಾಗದಲ್ಲಿ ಹೊಸ ಮನೆಗಳು ಎದ್ದಿದ್ದವು. ಗದ್ದೆಗೆ ನೀರು ಬಿಡುತ್ತಿದ್ದ ತೂಬಿನ ಎರಡು ಕಲ್ಲುಕಂಬಗಳು ಕೆರೆಯಲ್ಲಿ ಕತ್ತಿನವರೆಗೆ ಮುಳುಗಿ ನಿಂತಿದ್ದವು. ದಿಬ್ಬ ಕುಗ್ಗುವುದಿಲ್ಲ, ಸರಿ. ನೀರು ಏರಬಹುದಲ್ಲ!

ಮನೆಗೆ ಬಂದವಳೇ ಸೀದಾ ಅಪ್ಪನ ಹತ್ತಿರ ಓಡಿದೆ. ಅಪ್ಪ ಅಜ್ಜಿಯ ಒಬ್ಬನೇ ಮಗ. ಕಮ್ಮಿ ಮಾತಿನವನು, ತಾಯಿಯ ವಿಷಯಕ್ಕೆ ಚಿಕ್ಕಪ್ಪನ ಎದುರು ಒಮ್ಮೆಯೂ ದನಿ ಎತ್ತದವನು. “ಗದ್ದೆ ಇದ್ದಾಗ ಬೇಸಿಗೇಲಿ ಕೆರೆ ಎಷ್ಟಕ್ಕೆ ಇಳೀತಿತ್ತಪ್ಪ?” ಎಂದು ಕೇಳಿದೆ.

“ತೂಬಿನ ಬಾಯಿಗೆ ಇಳೀತಿತ್ತು. ಅದಕ್ಕಿಂತ ಕೆಳಗಿನ ನೀರು ಗದ್ದೆಗೆ ಹತ್ತಲ್ವಲ್ಲ.”

“ಈಗ?”

“ಈಗ ತೂಬು ಎತ್ತೋರು ಯಾರವ್ವ? ಗದ್ದೆಯೇ ಇಲ್ಲ. ನೀರು ಅಂಗೇ ನಿಂತಿರ್ತದೆ.” ಇಷ್ಟು ಹೇಳಿ ಅಪ್ಪ ತಟ್ಟನೆ ನನ್ನ ಮುಖ ನೋಡಿದ. ಅವನಿಗೂ ಅರ್ಥವಾಗಿತ್ತು.

ಅಜ್ಜಿ ಹೂತದ್ದು ಕೆರೆ ತೂಬಿನ ಬಾಯಿಗೆ ಇಳಿದಿದ್ದಾಗ. ಗಂಡಸರು ಹುಡುಕಿದ್ದು ಕೆರೆ ತುಂಬಿದಾಗ. ಅವಳು ನೀರು ದಾಟಿ ಕಂಡ ಮೊದಲ ಬಂಡೆ ಅಷ್ಟು ಹೊತ್ತಿಗೆ ನೀರಿನೊಳಗಿತ್ತು. ಇವರಿಗೆ ಸಿಕ್ಕಿದ್ದು ಅದಕ್ಕಿಂತ ಮೇಲಿನ ಬೇರೆ ಯಾವುದೋ ಬಂಡೆ. ವರ್ಷ ವರ್ಷವೂ ತಾವೇ ತೂಬು ಎತ್ತಿ, ಕೆರೆ ಇಳಿಯುವುದನ್ನೂ ತುಂಬುವುದನ್ನೂ ಕಣ್ಣಾರೆ ಕಂಡ ಬೇಸಾಯಗಾರರು ಇದೊಂದನ್ನು ಯೋಚಿಸಲಿಲ್ಲ! ಹೆಂಗಸಿನ ಮಾತು ಸುಳ್ಳಾಗುವುದು ಅವರಿಗೆ ಅಷ್ಟು ಸಲೀಸಾಗಿತ್ತು. ನನಗೆ ಆ ದಿನ ಅನ್ನ ಸೇರಲಿಲ್ಲ, ಸಂತೋಷಕ್ಕೋ ಸಿಟ್ಟಿಗೋ ಗೊತ್ತಾಗಲಿಲ್ಲ. ಒಡವೆ ಯಾರಿಗೆ ಬೇಕಿತ್ತು? ಚಿಕ್ಕತಾತನ ಬಾಯಿಂದ ಒಂದು ಮಾತು ಹೊರಡಿಸಬೇಕಿತ್ತು ನನಗೆ, ಅಜ್ಜಿಯ ಕಣ್ಣೆದುರಿಗೆ, ಅವಳು ಬದುಕಿರುವಾಗಲೇ.

ಮುಂದಿನ ಭಾನುವಾರ ಅಣ್ಣ ಡಂಪಿ ಲೆವೆಲ್ ಹೊತ್ತುಕೊಂಡು ಬಂದ. ಏರಿಯ ಮೇಲೆ ಮೂರು ಕಾಲು ಊರಿ, ಅದರ ಮಟ್ಟದ ಗಾಜಿನೊಳಗಿನ ಗುಳ್ಳೆ ನಡುವಿಗೆ ಬರಲಿ ಎಂದು ತಿರುಪು ತಿರುಗಿಸಿದ್ದೇ ತಿರುಗಿಸಿದ್ದು. ತೂಬಿನ ಬಾಯಿಯ ಮಟ್ಟವನ್ನು ಅಲ್ಲಿಂದ ಹಂತ ಹಂತವಾಗಿ ದಿಬ್ಬಕ್ಕೆ ಒಯ್ಯಬೇಕು, ನಡುವೆ ನೀರಿರುವುದರಿಂದ ಬಹಳ ಕಷ್ಟ ಎಂದು ನನಗೆ ಪಾಠ ಹೇಳಿದ. ಬಿಸಿಲು ನೆತ್ತಿಗೆ ಬಂತು. ನಾನು ಕೆರೆಯನ್ನು ನೋಡುತ್ತ ಕೂತಿದ್ದವಳು ಕಿರುಚಿಬಿಟ್ಟೆ.

“ಅಣ್ಣ, ನೀರೇ ಮಟ್ಟ ಅಲ್ವೇನೋ! ತೂಬಿನ ಹತ್ರ ಎಷ್ಟು ಎತ್ತರಕ್ಕೆ ಇದೆಯೋ ದಿಬ್ಬದ ಹತ್ರಾನೂ ಅಷ್ಟೇ ಎತ್ತರಕ್ಕೆ ತಾನೆ ಇರೋದು? ತೂಬಿನ ಬಾಯಿ ನೀರಿಂದ ಎಷ್ಟು ಕೆಳಗಿದೆ ನೋಡು, ಸಾಕು!”

ಅಣ್ಣ ದುರ್ಬೀನಿನಿಂದ ಕಣ್ಣು ತೆಗೆದ. “ಇದನ್ನ ನಾನೂ ಯೋಚನೆ ಮಾಡಿದ್ದೆ” ಎಂದ. ಸುಳ್ಳು.

ಮೀನು ಹಿಡಿಯುವವನೊಬ್ಬನ ಹರಿಗೋಲು ಸಿಕ್ಕಿತು. ನಾನೇ ಮೊದಲು ಹತ್ತಿದೆ. ಅದು ಗಿರ್ರನೆ ಒಂದು ಸುತ್ತು ಸುತ್ತಿದಾಗ ಎದೆ ಬಾಯಿಗೆ ಬಂತು, ನಗುವೂ ಬಂತು. ತೂಬಿನ ಕಂಬದ ಪಕ್ಕ ಬಿದಿರು ಗಳ ಇಳಿಬಿಟ್ಟು, ಬಾಯಿಯ ಕಲ್ಲಿಗೆ ಅದು ತಾಗಿದಾಗ ನೀರಿನ ಮಟ್ಟಕ್ಕೆ ಸರಿಯಾಗಿ ಕೆಂಪು ದಾರ ಕಟ್ಟಿದೆವು. ಅದೇ ಗಳ ಹಿಡಿದು ದಿಬ್ಬದ ಸುತ್ತ ಹೊರಟೆವು. ಗಳ ತಳಕ್ಕೆ ತಾಗಿ, ದಾರ ನೀರಿಗೆ ಸಮ ಬಂದ ಕಡೆಯಲ್ಲೆಲ್ಲ ಒಂದೊಂದು ಕಡ್ಡಿ ನೆಟ್ಟೆವು. ಸಂಜೆಯ ಹೊತ್ತಿಗೆ ದಿಬ್ಬದ ಸುತ್ತ ನೀರೊಳಗೆ ಕಡ್ಡಿಗಳ ಬೇಲಿ ಎದ್ದು ನಿಂತಿತ್ತು. ಅಜ್ಜಿ ಕಂಡಿದ್ದ ದಿಬ್ಬದ ಅಂಚು ಅದು. ನಿಜವಾಗಿಯೂ ಈಗಿನದಕ್ಕಿಂತ ಎಷ್ಟೋ ದೊಡ್ಡದು. ನಾನು ಹರಿಗೋಲಿನಲ್ಲಿ ಎದ್ದು ನಿಂತು ಕುಣಿದೆ. ಅಣ್ಣ ಬೈದು ಕೂರಿಸಿದ.

ಡಂಪಿ ಲೆವೆಲ್ಲಿಗೂ ಕೆಲಸ ಸಿಕ್ಕಿತು, ಇಲ್ಲದಿದ್ದರೆ ಅಣ್ಣನಿಗೆ ಬಹಳ ನೋವಾಗುತ್ತಿತ್ತು. ಅಜ್ಜಿ ಗುಡಿಸಲಿನಿಂದ ನೆಟ್ಟಗೆ ನಡೆದುಹೋಗಿದ್ದಳು. ಅಣ್ಣ ಅರಳಿಕಟ್ಟೆಯ ಪಕ್ಕ ಉಪಕರಣ ನಿಲ್ಲಿಸಿ, ದುರ್ಬೀನನ್ನು ದಿಬ್ಬದತ್ತ ತಿರುಗಿಸಿ, ನನಗೆ ಕೈಸನ್ನೆ ಮಾಡಿದ: ಎಡಕ್ಕೆ, ಇನ್ನೂ ಎಡಕ್ಕೆ, ಅಲ್ಲೇ. ಆ ಗೆರೆಯ ಮೇಲೆ, ಕಡ್ಡಿಯ ಬೇಲಿಯಿಂದ ಮೇಲಕ್ಕೆ ಕೆಸರಿನಲ್ಲಿ ಕಾಲಾಡಿಸುತ್ತ ಬಂದೆ. ತೊಡೆಮಟ್ಟದ ನೀರು. ಕಾಲ್ಬೆರಳು ಗಟ್ಟಿಯಾದುದಕ್ಕೆ ಎಡವಿತು. ಎರಡೂ ಕೈ ಇಳಿಬಿಟ್ಟು ತಡವಿದೆ. ದುಂಡನೆಯ ಬೆನ್ನಿನ ಬಂಡೆ, ಪಾಚಿ ಹಿಡಿದು ನುಣ್ಣಗಾಗಿತ್ತು. ಉಗುರು ಕಿತ್ತುಹೋದದ್ದು ನನಗೆ ಮನೆಗೆ ಬಂದ ಮೇಲೆ ತಿಳಿಯಿತು.

ನೀರೊಳಗೆ ಅಗೆಯುವುದು ಹೇಗೆ? ಅದಕ್ಕೆ ಅಪ್ಪ ಇದ್ದ. ಪಂಚೆ ಎತ್ತಿಕಟ್ಟಿ ಇಳಿದವನು, ಬಂಡೆಯ ಸುತ್ತ ಗೂಟ ಹೊಡೆದು, ಸೊಪ್ಪು ಒತ್ತಿ, ಜೇಡಿಮಣ್ಣಿನ ಒಡ್ಡು ಕಟ್ಟಿದ. ಆಮೇಲೆ ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ಗೂಡೆಯನ್ನು ಇಳಿಸಿ ತಂದ. ಎರಡೂ ಕಡೆ ಹಗ್ಗ ಹಿಡಿದು ಇಬ್ಬರು ತೂಗಿ ತೂಗಿ ನೀರೆತ್ತುವ ಬುಟ್ಟಿ ಅದು. ಒಂದು ಕಡೆ ಅಪ್ಪ, ಇನ್ನೊಂದು ಕಡೆ ಅಣ್ಣ. ಗದ್ದೆ ಮಾರಿದ ಮೇಲೆ ಅಪ್ಪನ ಮುಖದಲ್ಲಿ ಅಂಥ ಕಳೆಯನ್ನು ನಾನು ಕಂಡಿರಲಿಲ್ಲ. “ಜೋರಾಗಿ ಎತ್ತೋ, ಓವರ್‌ಸಿಯರ್ರು!” ಎಂದು ಮಗನನ್ನು ರೇಗಿಸುತ್ತಿದ್ದ. ಮೋಡ ಕಟ್ಟುತ್ತಿತ್ತು. ಮಳೆ ಹಿಡಿದರೆ ಒಡ್ಡು ಉಳಿಯುವುದಿಲ್ಲ, ಇನ್ನೊಂದು ಬೇಸಿಗೆಗೆ ಕಾಯಬೇಕು. ಅಷ್ಟು ಕಾಲ ಅಜ್ಜಿ ಇರುತ್ತಾಳೆಂದು ಯಾರು ಹೇಳಬಲ್ಲರು?

ಸುದ್ದಿ ಕೊಪ್ಪಲಿಗೆಲ್ಲ ಹಬ್ಬಿ ಏರಿಯ ಮೇಲೆ ಜನ ಸೇರಿದರು. ಕಡಲೆಕಾಯಿ ಮಾರುವವನೂ ಬಂದ. ಚಿಕ್ಕತಾತ ಕೊಡೆ ಹಿಡಿದು ಅರಳಿಕಟ್ಟೆಯ ಮೇಲೆ ಕೂತಿದ್ದ. ಅಜ್ಜಿಯನ್ನು ಜಟಕಾದಲ್ಲಿ ಕರೆತಂದು, ಬೇಡ ಬೇಡ ಎನ್ನುತ್ತಿದ್ದರೂ ಕೇಳದೆ ನಾನೇ ತೋಳು ಹಿಡಿದು ಹರಿಗೋಲಿಗೆ ಹತ್ತಿಸಿದೆ. ದಿಬ್ಬದ ಮೇಲೆ ಒಣಗಿದ ಜಾಗ ನೋಡಿ ಚಾಪೆ ಹಾಸಿ ಕೂರಿಸಿದೆ. ನೀರಿಳಿದು ಹೊರಗೆ ಕಂಡ ಬಂಡೆಯನ್ನು ಅವಳು ಬಹಳ ಹೊತ್ತು ನೋಡಿದಳು. “ಇದೇನಾ ಅಜ್ಜಿ?” ಎಂದರೆ ತಲೆ ಅಲ್ಲಾಡಿಸಿದಳು, ಹೌದೆಂದೋ ಅಲ್ಲವೆಂದೋ ತಿಳಿಯದ ಹಾಗೆ.

ಅಪ್ಪ ಗುದ್ದಲಿ ಹಾಕಿದ. ನಾನು ಮಂಕರಿಯಲ್ಲಿ ಕೆಸರು ಹೊತ್ತು ಒಡ್ಡಿನಾಚೆ ಸುರಿದೆ. ಠಣ್ ಎಂದಿತು. ಏರಿಯ ಮೇಲಿನವರೆಲ್ಲ ಒಟ್ಟಿಗೆ ಹೋ ಎಂದರು. ಕೈಹಾಕಿ ಎಳೆದರೆ ಯಾರೋ ಯಾವ ಕಾಲದಲ್ಲೋ ಎಸೆದ ತುಕ್ಕುಬಾಂಡ್ಲಿ! “ತಗೊಂಡೋಗಿ ಬೋಂಡಾ ಕರೀರೋ!” ಎಂದು ಚಿಕ್ಕತಾತ ಅಲ್ಲಿಂದಲೇ ಕೂಗಿದ. ಜನ ನಕ್ಕರು. ನನ್ನ ಕಣ್ಣಲ್ಲಿ ನೀರು ತುಂಬಿತು. ಬಾಂಡ್ಲಿಯನ್ನು ಎತ್ತಿ ಅವನ ಕಡೆಗೇ ಬೀಸಿ ಎಸೆದೆ. ಅದು ಅರ್ಧ ದಾರಿಯಲ್ಲೇ ಕೆರೆಗೆ ಬಿತ್ತು. “ನೀನು ಅಗಿಯಪ್ಪ!” ಎಂದು ಅರಚಿದೆ. ಅಪ್ಪ ಆಗಲೇ ಬಂಡೆಯ ಇನ್ನೊಂದು ಮಗ್ಗುಲಿಗೆ ಹೋಗಿದ್ದ, ದಡಕ್ಕೆ ಕಾಣದ ಮಗ್ಗುಲು. ಬಚ್ಚಿಡುವವರು ಅಲ್ಲಿ ತಾನೇ ಬಚ್ಚಿಡುವುದು.

ಸ್ವಲ್ಪ ಹೊತ್ತಿಗೆ ಅವನು ಗುದ್ದಲಿ ಬಿಸಾಕಿ ಮಂಡಿಯೂರಿ ಕೂತ. ಕೈಯಿಂದಲೇ ತೋಡತೊಡಗಿದ. ಅವನ ಉಸಿರಾಟ ಬದಲಾದದ್ದು ನನಗೆ ಕೇಳಿಸಿತು. ಕಪ್ಪು ಕೆಸರಿನ ನಡುವೆ ಹಸಿರುಗಟ್ಟಿದ ತಾಮ್ರದ ಕಂಠ. “ಅವ್ವ” ಎಂದ, ಅಷ್ಟೇ. ನಾನು ಎಂಥ ಕೂಗು ಹಾಕಿದೆನೋ, ಕೆರೆಯ ಬೆಳ್ಳಕ್ಕಿಗಳೆಲ್ಲ ಒಟ್ಟಿಗೆ ಹಾರಿದವು. ಅಣ್ಣ ನನ್ನನ್ನು ಎತ್ತಿ ಕೆಸರಿಗೆ ಕೆಡವಿದ. ಏರಿಯ ಮೇಲೆ ಶಿಳ್ಳೆ, ಚಪ್ಪಾಳೆ. ಯಾರೋ ಬೆಟ್ಟದ ಕಡೆ ತಿರುಗಿ ಕೈಮುಗಿದರು.

ಹರಿಗೋಲು ಮತ್ತೆ ಹೋಗಿ ಚಿಕ್ಕತಾತನನ್ನು ಕರೆತಂದಿತು. ತಂಬಿಗೆಯನ್ನು ಅವನೇ ತೆರೆಯಬೇಕೆಂದು ನಾನು ಹಟ ಹಿಡಿದೆ. ಅರಗು ಕಲ್ಲಾಗಿತ್ತು, ಗುದ್ದಲಿಯ ಮೊನೆಯಿಂದ ಒಡೆದ. ಬಟ್ಟೆ ಕೊಳೆತು ಅಂಟಾಗಿತ್ತು. ಒಳಕ್ಕೆ ಜಿನುಗಿದ್ದ ಕೆಸರಿನ ಜೊತೆ ಚಾಪೆಯ ಮೇಲೆ ಬಿದ್ದವು: ಕಾಸಿನ ಸರ, ಸೊಂಟದ ಡಾಬು, ಕಿವಿಯ ಬುಗುಡಿ, ಕೊರಳ ಅಡ್ಡಿಕೆ. ಚಿನ್ನ ನಿನ್ನೆ ಬಿಚ್ಚಿಟ್ಟಂತೆ ಹಳದಿಯಾಗಿತ್ತು. ಚಿಕ್ಕತಾತ ಅಡ್ಡಿಕೆಯನ್ನು ಎತ್ತಿಕೊಂಡು, “ನಮ್ಮವ್ವಂದು, ನಮ್ಮವ್ವಂದು” ಎಂದು ಮಗುವಿನ ಹಾಗೆ ಅತ್ತ. ನನಗೆ ಕರುಣೆ ಬರಲಿಲ್ಲ.

“ಈಗ ಹೇಳು ತಾತ, ಯಾರು ಕದ್ದಿದ್ದು? ಯಾರು ಕನಸು ಕಂಡಿದ್ದು? ಹೇಳು!”

ಅವನು ಅಜ್ಜಿಯ ಕಡೆ ತಿರುಗಿ ಕೈಮುಗಿದ. “ಅತ್ತಿಗೆ, ತೆಪ್ಪಾಯ್ತು. ನನ್ನಿಂದ ದೊಡ್ಡ ತೆಪ್ಪಾಗೋಯ್ತು” ಎಂದ.

ಇದಕ್ಕಾಗಿಯೇ ನಾನು ಕೆಸರು ಹೊತ್ತದ್ದು. ಗೆದ್ದೆ ಎಂದುಕೊಂಡು ಅಜ್ಜಿಯ ಮುಖ ನೋಡಿದೆ. ಅವಳು ಮೈದುನನನ್ನು ನೋಡುತ್ತಿರಲಿಲ್ಲ, ಚಿನ್ನವನ್ನೂ ನೋಡುತ್ತಿರಲಿಲ್ಲ. ಬರಿದಾದ ತಂಬಿಗೆಯನ್ನು ಮಡಿಲಿಗೆ ಎಳೆದುಕೊಂಡು ಅದರೊಳಗೆ ಕೈಬಿಟ್ಟು ತಳವನ್ನು ಸವರುತ್ತಿದ್ದಳು.

“ಅಜ್ಜಿ, ಕೇಳಿಸ್ತಾ? ತಾತ ತಪ್ಪಾಯ್ತು ಅಂತಾವ್ನೆ!”

“ಅಂಗಾದ್ರೆ ನಾನು ಮಡಗಿದ್ದು ದಿಟವೇನ್ ಮಗ?” ಎಂದಳು ಅಜ್ಜಿ.

ನನಗೆ ಅರ್ಥವಾಗಲಿಲ್ಲ. “ಇದೇನಜ್ಜಿ, ಇಷ್ಟು ವರ್ಷದಿಂದ ನೀನೇ ಹೇಳ್ತಿದ್ದೆಯಲ್ಲ?”

“ಬಾಯಲ್ಲಿ ಹೇಳ್ತಿದ್ದ್ನವ್ವ. ಎಲ್ರೂ ಇಲ್ಲ ಇಲ್ಲ ಅಂದ್ರೆ ಏನ್ಮಾಡೋದು? ಜ್ವರ ಬೇರೆ ಬಂದಿತ್ತು. ಕನಸೇ ಏನೋ ಅನ್ನುಸ್ತಿತ್ತು. ಮೈಮೇಲೆ ಗ್ಯಾನ ಇಲ್ದೆ ನಮ್ಮಣ್ಣನ ಕೈಗೇ ಕೊಟ್ಬುಟ್ನೋ ಏನೋ ಅನ್ನುಸ್ತಿತ್ತು. ಅವನು ಸಾಯೋವಾಗ ಪಕ್ಕದಲ್ಲಿ ಕುಂತು ಕೇಳೇಬುಟ್ಟೆ. ಅಣ್ಣ, ನಾನೇನಾದ್ರೂ ನಿಂಗೆ ಕೊಟ್ಟಿದ್ನಾ, ಅಂತ.”

“ಮಾವ ಏನಂದ?” ಎಂದು ಕೇಳಿದವನು ಅಪ್ಪ. ಅವನಿಗೂ ಇದು ಗೊತ್ತಿರಲಿಲ್ಲ.

“ಏನೂ ಅನ್ನಲಿಲ್ಲ ಕಣಪ್ಪ. ಗೋಡೆ ಕಡೆ ಮಕ ತಿರುಗಿಸ್ಕೊಂಡ.”

ಚಿಕ್ಕತಾತ ಅಡ್ಡಿಕೆಯನ್ನು ಚಾಪೆಯ ಮೇಲೆ ಇಟ್ಟ. ಏರಿಯ ಮೇಲೆ ಜನ ಇನ್ನೂ ಚಪ್ಪಾಳೆ ತಟ್ಟುತ್ತಲೇ ಇದ್ದರು.